ಮೇಲೊಂದು ರಸ್ತೆ ಕಟ್ಟಿದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲ ತೀರುತ್ತದೆಯೇ?

ಪ್ರಶ್ನೆ: ಸರ್, ಹೈದರಾಬಾದ್ ಮೆಹದಿಪಟ್ನಂದಾಗ ಮ್ಯಾಲಿನ ರೋಡ್ ಅದ, ಗಾಡಿ ಸೀದಾ ಏರ್‌ಪೋರ್ಟ್ ಕಡಿ ಹೋಗ್ತಾವ. ಕಲಬುರಗಿಗೂ ಹಂಗ ಒಂದು ಮಾಡಿದ್ರ ಸೂಪರ್ ಮಾರ್ಕೆಟ್ ಟ್ರಾಫಿಕ್ ಕಮ್ಮಿ ಆಗಂಗಿಲ್ಲೇನ್ರಿ?

ಆಗುವುದಿಲ್ಲ. ಇದೇ ಪ್ರಶ್ನೆ ಒಮ್ಮೆ ಜಗತ್ ಸರ್ಕಲ್ ಹೆಸರಿನಲ್ಲಿ, ಒಮ್ಮೆ ಸೇಡಂ ರಸ್ತೆಯ ಹೆಸರಿನಲ್ಲಿ ಬರುತ್ತಲೇ ಇದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಮೆಹದಿಪಟ್ನಂ. ಅಲ್ಲಿಂದ ಆರಾಮ್‌ಘರ್‌ವರೆಗಿನ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ 2009ರಲ್ಲಿ ತೆರೆಯಿತು, ಉದ್ದ ಸುಮಾರು 11.6 ಕಿ.ಮೀ. ಅದು ಅತ್ತಾಪುರದಲ್ಲಿ ಕೆಲಸವಿಲ್ಲದೆ ಅದನ್ನು ದಾಟಿ ಏರ್‌ಪೋರ್ಟ್ ಇರುವ ಶಂಶಾಬಾದ್ ಕಡೆ ಹೋಗುವವರಿಗಾಗಿ ಕಟ್ಟಿದ್ದು. ಬೈಕಿಗೆ ಅಲ್ಲಿ ಪ್ರವೇಶವಿಲ್ಲ. ಕೆಳಗಿನ ಅಂಗಡಿ ಬೀದಿ ಇಂದಿಗೂ ಗಿಜಿಗುಡುತ್ತದೆ, ಜನ ವಿಳಾಸ ಹೇಳುವುದೇ ಪಿಲ್ಲರ್ ನಂಬರಿನಿಂದ.

ನಮ್ಮ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕಿಕೊಂಡವರು ಯಾರು? ಮದುವೆ ಜವಳಿಗೆ ಬಂದವರು, ಆಳಂದ, ಚಿತ್ತಾಪುರದಿಂದ ಸಂತೆ-ಸಾಮಾನಿಗೆ ಬಂದವರು, ಅವರನ್ನು ಹೊತ್ತ ಆಟೋಗಳು, ಎಲ್ಲರ ಸುತ್ತ ಬೈಕುಗಳು. ಅವರು ಹೋಗಬೇಕಾದ ಜಾಗವೇ ಅದು. ಮೇಲೆ ಹತ್ತಿಸಿದರೂ ಅಲ್ಲೇ ಇಳಿಯಬೇಕು. ಹುಮನಾಬಾದ್ ಕಡೆಯಿಂದ ಬಂದು ಜೇವರ್ಗಿ ಕಡೆ ಹೋಗುವ ಲಾರಿಗೆ ರಿಂಗ್ ರೋಡ್ ಇದೆ.

ಇನ್ನು ‘ರಸ್ತೆ ಹೆಚ್ಚಾದಷ್ಟೂ ದಟ್ಟಣೆ ಕಮ್ಮಿ’ ಎಂಬ ನಂಬಿಕೆ. ಎಷ್ಟು ಸಲ ಬಿಡಿಸಿ ಹೇಳಿದರೂ ಇದು ಮತ್ತೆ ಎದ್ದು ಕೂರುತ್ತದೆ. ತಡೆಯಿಲ್ಲದ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 1800 ಕಾರು ಹರಿಯಬಲ್ಲವು. ಆ ಲೇನು ಇಳಿದು ಬರುವ ಸಿಗ್ನಲ್‌ನಲ್ಲಿ 100 ಸೆಕೆಂಡಿಗೆ 25 ಸೆಕೆಂಡು ಮಾತ್ರ ಹಸಿರು ಎಂದುಕೊಳ್ಳಿ. ಆಗ ಒಂದು ಲೇನಿನಿಂದ ಗಂಟೆಗೆ ಸಿಗ್ನಲ್ ದಾಟುವುದು ಕಾಲುಭಾಗ, 450. ಉಳಿದವು ಇಳಿಜಾರಿನಲ್ಲಿ ಸಾಲುಗಟ್ಟುತ್ತವೆ. ಮೇಲೆ ನಾಲ್ಕು ಲೇನ್ ಮಾಡಿ, ಆರು ಮಾಡಿ, ಕೆಳಗಿನ ಚೌಕ ಹಿಗ್ಗುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಮೇಲ್ರಸ್ತೆ 2010ರಿಂದ ಇದೆ. ಅದರಿಂದ ಇಳಿದು ಸಿಲ್ಕ್ ಬೋರ್ಡ್ ಚೌಕದಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

ಸಿಗ್ನಲ್ಲೇ ಇಲ್ಲದಿದ್ದರೆ? ಆಗಲೂ ತುಂಬುತ್ತದೆ. ರಸ್ತೆ ಖಾಲಿ ಕಂಡ ಕೂಡಲೇ ಬಸ್ ಬಿಟ್ಟು ಕಾರು ತೆಗೆಯುವವರು, ಹೊತ್ತು ಬದಲಿಸಿ ಹೊರಡುವವರು, ದೂರದಲ್ಲಿ ಮನೆ ಮಾಡುವವರು ಬರುತ್ತಾರೆ. ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ ಇದನ್ನು 1962ರಲ್ಲೇ ಬರೆದರು. 2011ರಲ್ಲಿ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ನೋಡಿದಾಗ, ಹೆದ್ದಾರಿ ಎಷ್ಟು ಪಾಲು ಬೆಳೆಯಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಬೆಳೆದಿತ್ತು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಚಾಂಗ್‌ಗ್ಯೆಚಾನ್ ಹಳ್ಳ ಮುಚ್ಚಿ ಅದರ ಮೇಲೆ ಮೇಲ್ರಸ್ತೆ ಕಟ್ಟಿದ್ದರು. 2003ರಲ್ಲಿ ಅದನ್ನು ಕೆಡವಲು ಶುರುಮಾಡಿ, 2005ರಲ್ಲಿ ಹಳ್ಳವನ್ನು ಜನರಿಗೆ ತೆರೆದರು. ಊರಿನ ಓಡಾಟ ನಿಂತುಹೋಗಲಿಲ್ಲ.

ಸೂಪರ್ ಮಾರ್ಕೆಟ್‌ಗೆ ಬೇಕಾದದ್ದು ಪಾರ್ಕಿಂಗ್, ಆಟೋ ನಿಲ್ಲಲು ಜಾಗ, ನಡೆಯಲು ಫುಟ್‌ಪಾತ್, ಹೊತ್ತಿಗೆ ಸರಿಯಾಗಿ ಸಿಟಿ ಬಸ್. ಇದನ್ನೂ ಹಲವು ಸಲ ಬರೆದಿದ್ದೇನೆ.

ಮೇಲ್ರಸ್ತೆಯ ಮಾತು ಬಂದದ್ದಕ್ಕೆ, ಯಾರೂ ಕೇಳದ ಇನ್ನೊಂದು ಸಂಗತಿ. ಅದರ ಮೇಲೆ ಹೋಗುವಾಗ ಒಂದೇ ಅಂತರದಲ್ಲಿ ‘ಧಡ್ ಧಡ್’ ಎನ್ನುತ್ತದಲ್ಲ, ಅದು ಕಳಪೆ ಕಾಮಗಾರಿಯೇ ಆಗಬೇಕಿಲ್ಲ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. 30 ಮೀಟರ್ ಉದ್ದದ ಗರ್ಡರ್ (ಕಂಬದಿಂದ ಕಂಬಕ್ಕೆ ಹಾಸುವ ತೊಲೆ) 30 ಡಿಗ್ರಿ ಹೆಚ್ಚು ಕಾದರೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಡಿಸೆಂಬರಿನ ಬೆಳಗಿನ ಜಾವಕ್ಕೂ ಮೇ ತಿಂಗಳ ಮಧ್ಯಾಹ್ನಕ್ಕೂ ನಮ್ಮಲ್ಲಿ ಅಷ್ಟು ವ್ಯತ್ಯಾಸ ಸಲೀಸಾಗಿ ಆಗುತ್ತದೆ. ನಡುವೆ ಜಾಗ ಬಿಡದಿದ್ದರೆ ಗರ್ಡರ್‌ಗಳು ಒಂದನ್ನೊಂದು ಒತ್ತಿ ಸೀಳುತ್ತವೆ. ಹಾಗಾಗಿ ಸಂದು ಬಿಟ್ಟು, ಅದರಲ್ಲಿ ರಬ್ಬರ್ ಪಟ್ಟಿ ಕೂರಿಸುತ್ತಾರೆ. ಚಕ್ರ ಈ ಸಂದು ದಾಟುವಾಗಲೇ ಆ ‘ಧಡ್’ ಸದ್ದು. ಪಟ್ಟಿ ಸವೆದರೆ ಮಳೆನೀರು ಕೆಳಗಿಳಿದು, ಗರ್ಡರ್ ಕೂತಿರುವ ಬೇರಿಂಗ್ ಎಂಬ ಮೆತ್ತೆಯನ್ನೂ ಕಂಬದ ತಲೆಯನ್ನೂ ಹಾಳುಮಾಡುತ್ತದೆ. ಮುಂದಿನ ಸಲ ಹೈದರಾಬಾದ್‌ಗೆ ಹೋದಾಗ ಕೆಳಗಿನ ರಸ್ತೆಯಲ್ಲಿ ನಿಂತು ಕಂಬದ ತುದಿ ನೋಡಿ. ಅಲ್ಲಿ ನೀರಿಳಿದ ಕಪ್ಪು ಕಲೆಯಿದ್ದರೆ, ಮೇಲಿನ ಪಟ್ಟಿ ಬದಲಿಸುವ ಹೊತ್ತಾಗಿರಬಹುದು.