ಎನ್‌ಎಫ್‌ಎಲ್ ಕೋಚ್‌ಗಳ ಏಣಿ ಎಲ್ಲಿ ತುಂಡಾಗಿದೆ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ, 32 ಹೆಡ್ ಕೋಚ್ ಕುರ್ಚಿ. ಅಲ್ಲಿಗೆ ಏರುವ ಏಣಿಯ ತಳದ ಮೆಟ್ಟಿಲು ಕ್ವಾಲಿಟಿ ಕಂಟ್ರೋಲ್ ಕೋಚ್. ಎದುರಾಳಿಯ ಹಿಂದಿನ ಪಂದ್ಯಗಳ ವಿಡಿಯೊ ಮುಂದೆ ಕೂತು, ಪಂದ್ಯಕ್ಕೆ 60ರ ಆಸುಪಾಸು ಬರುವ ಒಂದೊಂದು ಪ್ಲೇಯನ್ನೂ (ಚೆಂಡು ಮುಂದೊಯ್ಯುವ ಒಂದು ಯತ್ನ) ಬಿಡಿಸಿ ಬರೆಯಬೇಕು: ಎಷ್ಟನೇ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಗಜ ಬಾಕಿ, ಚೆಂಡು ಮೈದಾನದ ಯಾವ ಮಗ್ಗುಲಲ್ಲಿತ್ತು, ಯಾರು ಎಲ್ಲಿ ನಿಂತಿದ್ದರು. 2 ಗಜ ಇದ್ದಲ್ಲಿ 7 ಎಂದು ಬಿದ್ದರೆ ಆ ಪ್ಲೇ ಬೇರೆಯೇ ಲೆಕ್ಕಕ್ಕೆ ಸೇರುತ್ತದೆ. ಇಂಥವು ನಾಲ್ಕೈದಾದರೆ ತಂಡ ವಾರವಿಡೀ ತಪ್ಪು ಅಂದಾಜಿನ ಮೇಲೆ ತಾಲೀಮು ಮಾಡುತ್ತದೆ. ಹೆಸರಾಂತ ಕೋಚ್ ಬಿಲ್ ಬೆಲಿಚಿಕ್ 1975ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನಲ್ಲಿ ವಾರಕ್ಕೆ 25 ಡಾಲರ್‌ಗೆ ಮಾಡಿದ್ದು ಇದೇ ಫಿಲ್ಮ್ ಕೆಲಸ. ಹೆಡ್ ಕೋಚ್ ಆದದ್ದು 1991ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ.

ಮಧ್ಯದ ಮೆಟ್ಟಿಲುಗಳು ಎರಡು: ಒಂದು ಜಾಗದ ಆಟಗಾರರನ್ನು ಮಾತ್ರ ನೋಡಿಕೊಳ್ಳುವ ಪೊಸಿಷನ್ ಕೋಚ್, ಅದರ ಮೇಲೆ ಇಡೀ ದಾಳಿಯನ್ನೋ ರಕ್ಷಣೆಯನ್ನೋ ನಡೆಸುವ ಕೋಆರ್ಡಿನೇಟರ್.

ಈ ಏಣಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕಪ್ಪು ವರ್ಣೀಯರಾದ ಫ್ರಿಟ್ಜ್ ಪೊಲಾರ್ಡ್ 1921ರಲ್ಲಿ ಆಕ್ರನ್ ತಂಡದ ಹೆಡ್ ಕೋಚ್ ಆಗಿದ್ದರು. ಆಧುನಿಕ ಲೀಗ್‌ನಲ್ಲಿ ಇನ್ನೊಬ್ಬರಿಗಾಗಿ 1989ರವರೆಗೆ, ಆರ್ಟ್ ಶೆಲ್ ಬರುವವರೆಗೆ ಕಾಯಬೇಕಾಯಿತು. ತಂಡಗಳನ್ನು ಗೆಲ್ಲಿಸಿ ಕೊಟ್ಟಿದ್ದ ಕಪ್ಪು ಹೆಡ್ ಕೋಚ್‌ಗಳಾದ ಟೋನಿ ಡಂಗಿ, ಡೆನ್ನಿಸ್ ಗ್ರೀನ್ ಇಬ್ಬರೂ 2002ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ಅದೇ ವರ್ಷ ವಕೀಲರಾದ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ವರದಿ ಹೊರತಂದು ಲೀಗ್‌ನ ಮೇಲೆ ಒತ್ತಡ ಹಾಕಿದರು. ಫಲ, 2003ರ ರೂನಿ ನಿಯಮ: ಹೆಡ್ ಕೋಚ್ ನೇಮಕಕ್ಕೆ ಮುಂಚೆ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಸಂದರ್ಶಿಸಲೇಬೇಕಿತ್ತು.

ಮೊದಲ ವರ್ಷವೇ ಬಿರುಕು ಕಾಣಿಸಿತು. ಸ್ಟೀವ್ ಮರಿಯೂಚಿ ಅವರೇ ಬೇಕೆಂದು ಡೆಟ್ರಾಯಿಟ್ ಲಯನ್ಸ್ ತೀರ್ಮಾನಿಸಿರುವುದು ಗೊತ್ತಿದ್ದರಿಂದ ಕರೆಬಂದ ಅಲ್ಪಸಂಖ್ಯಾತ ಕೋಚ್‌ಗಳು ಸಂದರ್ಶನಕ್ಕೇ ಹೋಗಲಿಲ್ಲ. ಲಯನ್ಸ್ ಅಧ್ಯಕ್ಷರಿಗೆ 2,00,000 ಡಾಲರ್ ದಂಡ ಬಿತ್ತು. ನೇಮಕ ಮಾತ್ರ ರದ್ದಾಗಲಿಲ್ಲ.

ನಿಜವಾದ ಅಡ್ಡಿ ಇರುವುದು ಇನ್ನೂ ಕೆಳಗೆ. ಈಚಿನ ವರ್ಷಗಳಲ್ಲಿ ಮಾಲೀಕರು ಮೊದಲು ಹುಡುಕುವುದು ದಾಳಿಯ ಮುಖ್ಯ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನನ್ನು ತಿದ್ದಿ, ದಾಳಿಗೆ ಯಾವ ಪ್ಲೇ ಆಡಬೇಕೆಂದು ಹೇಳಿಕೊಟ್ಟ ಕೋಚ್‌ನನ್ನು. 2007ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಎದುರುಬದುರಾದ ಕಪ್ಪು ಹೆಡ್ ಕೋಚ್‌ಗಳಾದ ಡಂಗಿ, ಲವಿ ಸ್ಮಿತ್ ಇಬ್ಬರೂ ರಕ್ಷಣೆಯ ಬದಿಯಿಂದ ಬಂದವರು. ದಾಳಿಯ ಬದಿಯ ಕೆಳಗಿನ ಹುದ್ದೆಗಳಲ್ಲಿ ಕಪ್ಪು ಕೋಚ್‌ಗಳು ಕಡಿಮೆ ಇದ್ದಾಗ, ಮೇಲಿನ ಸಂದರ್ಶನ ಎಷ್ಟು ಕಡ್ಡಾಯವಾದರೇನು? 2020ರಲ್ಲಿ ನಿಯಮ ಕೋಆರ್ಡಿನೇಟರ್ ಹುದ್ದೆಗಳಿಗೂ ಇಳಿಯಿತು. 2022ರಲ್ಲಿ ಲೀಗ್ ಕೊನೆಗೂ ತಳಕ್ಕೇ ಬಂತು: ಪ್ರತಿ ತಂಡವೂ ಮಹಿಳೆಯನ್ನೋ ಅಲ್ಪಸಂಖ್ಯಾತ ಸಮುದಾಯದವರನ್ನೋ ದಾಳಿಯ ಬದಿಯ ಸಹಾಯಕ ಕೋಚ್ ಆಗಿ ಇಟ್ಟುಕೊಳ್ಳಬೇಕು, ಅವರು ಹೆಡ್ ಕೋಚ್ ಜೊತೆಯಲ್ಲೇ ಕೆಲಸ ಮಾಡಬೇಕು.