ಎಮರ್ಜೆನ್ಸಿಯ ಬೇರು ನೀರಿನಲ್ಲಿದೆ

ನೀರುಕಾಗೆ ಮುಳುಗಿದ ಜಾಗವನ್ನೇ ನೋಡುತ್ತ ಕೂತರೆ ಪ್ರಯೋಜನವಿಲ್ಲ, ಅದು ಏಳುವುದು ಇನ್ನೆಲ್ಲೋ. ರಂಗನತಿಟ್ಟಿನಲ್ಲಿ ಒಂದು ಹೀಗೆ ಮುಳುಗಿತು. ನೀರಿನ ಬಳೆಗಳು ಅಳಿಸಿಹೋದವು. ಆಮೇಲೆ ಇದ್ದಕ್ಕಿದ್ದಂತೆ ನಮ್ಮ ದೋಣಿಯ ಪಕ್ಕದಲ್ಲೇ ಕಪ್ಪು ಕತ್ತು ಎದ್ದಿತು, ಕೊಕ್ಕಿನಲ್ಲಿ ಅಡ್ಡಡ್ಡ ಮೀನು. ಅದನ್ನು ಮೇಲಕ್ಕೆ ಚಿಮ್ಮಿ, ತಲೆಯ ಕಡೆಯಿಂದ ನುಂಗಿಬಿಟ್ಟಿತು.

‘ಎಮರ್ಜೆನ್ಸಿ’ ಎಂದರೆ ಮೂಲದಲ್ಲಿ ಇದೇ. ಲ್ಯಾಟಿನ್ನಿನ ‘ಮೆರ್ಗೆರೆ’ ಎಂದರೆ ಮುಳುಗಿಸು, ‘ಎಮೆರ್ಗೆರೆ’ ಎಂದರೆ ಮುಳುಗಿದ್ದು ಮೇಲೇಳು. 17ನೇ ಶತಮಾನದ ಇಂಗ್ಲಿಷಿನಲ್ಲಿ ಎಮರ್ಜೆನ್ಸಿಗೆ ಬರಿಯ ‘ಮೇಲೇಳುವಿಕೆ’ ಎಂಬ ಅರ್ಥವೂ ಇತ್ತು. ಎಣಿಸದೆ ಎದ್ದು ಬಂದದ್ದಕ್ಕೆ ತಕ್ಷಣ ಕೈಹಾಕಲೇಬೇಕಲ್ಲ, ಹಾಗೆ ಅವಸರ ಅದಕ್ಕೆ ಆಮೇಲೆ ಅಂಟಿಕೊಂಡಿತು. ನಮ್ಮ ‘ತುರ್ತು’ವಿನ ನಂಟಾದರೋ ‘ತ್ವರಿತ’ದೊಂದಿಗೆ, ಅದರ ಬೇರಿನಲ್ಲೇ ವೇಗವಿದೆ. 1975ರ ಎಮರ್ಜೆನ್ಸಿ ಕನ್ನಡದಲ್ಲಿ ‘ತುರ್ತು ಪರಿಸ್ಥಿತಿ’ಯಾದಾಗ ನೀರು ಹೋಗಿ ಓಟ ಉಳಿಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ವಚನಗಳಲ್ಲಿ ಬರುವ ‘ಮಜ್ಜನ’, ದಿನವೂ ಆಡುವ ‘ಮಗ್ನ’ ಇವು ಎಮರ್ಜೆನ್ಸಿಯ ದಾಯಾದಿಗಳು! ಮೂಲ ಧಾತು ‘ಮೆಜ಼್ಗ್’ ಎಂಬಂತಿತ್ತೆಂದು ಭಾಷಾವಿಜ್ಞಾನಿಗಳು ಕಟ್ಟಿಕೊಟ್ಟಿದ್ದಾರೆ. ನಡುವಿನ ‘ಜ಼’ ಲ್ಯಾಟಿನ್ನಿನಲ್ಲಿ ‘ರ’ ಆಯಿತು. ಸಂಸ್ಕೃತದಲ್ಲಿ ಪಕ್ಕದ ‘ಗ’ವೇ ‘ಜ’ ಆಗಿ, ಅದರಲ್ಲಿ ಬೆರೆತು ‘ಮಜ್ಜ್’ ಆಯಿತು. ಒಂದೇ ಹಿಟ್ಟು ಒಂದು ಮನೆಯಲ್ಲಿ ಇಡ್ಲಿ, ಇನ್ನೊಂದು ಮನೆಯಲ್ಲಿ ದೋಸೆ ಆದಂತೆ. ಆದರೆ ಇದು ಮನಬಂದಂತೆ ಆದದ್ದಲ್ಲ. ಹಳಗನ್ನಡದ ಪಾಲ್, ಪೂ, ಪುಲಿ ಸಾಲಾಗಿ ಹಾಲು, ಹೂ, ಹುಲಿ ಆದಂತೆ ಕಟ್ಟುನಿಟ್ಟಿನ ನಿಯಮ. ‘ಎಮೆರ್ಗೆರೆ’ಯ ಮೊದಲಿಗಿರುವ ‘ಎ’ ಉಪಸರ್ಗದ ಕೆಲಸವನ್ನು ಸಂಸ್ಕೃತದಲ್ಲಿ ‘ಉತ್’ ಮಾಡುತ್ತದೆ: ಉತ್, ಮಜ್ಜನ ಸೇರಿ ಉನ್ಮಜ್ಜನ, ನೀರಿನಿಂದ ಮೇಲೇಳುವುದು.

ಇಷ್ಟು ಹೇಳಿದರೆ ‘ನೋಡಿ, ಇಂಗ್ಲಿಷೂ ಸಂಸ್ಕೃತದಿಂದಲೇ ಬಂತು’ ಎನ್ನುವವರು ಸಿದ್ಧವಾಗಿರುತ್ತಾರೆ. ದಯವಿಟ್ಟು ಹಾಗೆನ್ನಬೇಡಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರಕ್ಕೂ ಒಂದೇ ಮೂಲ, ಅದು ಪ್ರಾಯಶಃ ಈಗ ಉಳಿದಿಲ್ಲ ಎಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿದ್ದರು. ಇವು ಅಕ್ಕತಂಗಿಯರು, ತಾಯಿಮಕ್ಕಳಲ್ಲ. ಉಚ್ಚಾರ ಹೋಲಿದ ಮಾತ್ರಕ್ಕೆ ನಂಟು ಕಟ್ಟುವುದು ಜಾತಕ ನೋಡದೆ ಮೂಗು ನೋಡಿ ಗೋತ್ರ ಹೇಳಿದ ಹಾಗೆ.

ಮುಳುಗುವ ಹಕ್ಕಿಗೆ ರೋಮನ್ನರು ಇದೇ ಧಾತುವಿನಿಂದ ‘ಮೆರ್ಗುಸ್’ ಎಂದು ಹೆಸರಿಟ್ಟರು. 1758ರಲ್ಲಿ ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುತ್ತಿದ್ದ ವಿಜ್ಞಾನಿ ಲಿನೇಯಸ್ ಅದನ್ನು ಒಂದು ಬಾತುಕೋಳಿ ಕುಲಕ್ಕೆ ಕೊಟ್ಟ. ಸಂಸ್ಕೃತದಲ್ಲಿ ಅಂಥ ಹಕ್ಕಿ ‘ಮದ್ಗು’. ಛಾಂದೋಗ್ಯ ಉಪನಿಷತ್ತಿನಲ್ಲಿ ಸತ್ಯಕಾಮನಿಗೆ ಎತ್ತು, ಅಗ್ನಿ, ಹಂಸ ಬ್ರಹ್ಮದ ಒಂದೊಂದು ಪಾದವನ್ನು, ಎಂದರೆ ಕಾಲುಭಾಗವನ್ನು, ತಿಳಿಸುತ್ತವೆ. ನಾಲ್ಕನೆಯದನ್ನು ಹೇಳಲು ಹಾರಿ ಬಂದದ್ದು ಈ ಮದ್ಗು.