ಗಂಟುಗಳೇ ಬಿಂದುಗಳಾದ ಜಾಗ: ಪರೀಕ್ಷೆ ಪಾಸಾಯಿತು, ನಕ್ಷೆ ಸಿಗಲಿಲ್ಲ

ಗಣಿತದಲ್ಲಿ ಗಂಟು ಅಂದರೆ ಎರಡೂ ತುದಿ ಕೂಡಿಕೊಂಡ ದಾರ. ಅಂಥ ಎಲ್ಲ ಗಂಟುಗಳನ್ನೂ ಒಟ್ಟು ಹಾಕಿ, ಒಂದೊಂದನ್ನೂ ಒಂದೊಂದು ಬಿಂದು ಅಂದುಕೊಳ್ಳಿ. ಅನಂತ ಆಯಾಮದ ಜಾಗ ಸಿಗುತ್ತದೆ. ಇದರ ಮೇಲೆ ಕಾಂಪ್ಲೆಕ್ಸ್ ರಚನೆ (ಮೈನಸ್ ಒಂದರ ವರ್ಗಮೂಲವೂ ಸೇರಿದ ಸಂಖ್ಯೆಗಳಲ್ಲಿ ಲೆಕ್ಕ ಮಾಡುವ ವ್ಯವಸ್ಥೆ) ಇದೆ ಎನ್ನುವವರೂ ಇದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ತಮಾಷೆ ಏನೆಂದರೆ ಇಬ್ಬರೂ ಸರಿ.

ಕಥೆ ಶುರುವಾಗಿದ್ದು ದ್ರವಗಳಿಂದ. 1906ರಲ್ಲಿ ಇಟಲಿಯ ಡಾ ರಿಯೋಸ್ ಸುಳಿಯ ಎಳೆಯೊಂದು ಹೇಗೆ ಸಾಗುತ್ತದೆ ಎಂಬ ಸಮೀಕರಣ ಬರೆದರು. 1983ರಲ್ಲಿ ಮಾರ್ಸ್‌ಡನ್ ಮತ್ತು ವೈನ್‌ಸ್ಟೈನ್ ಅದರ ಹಿಂದಿನ ಸಿಂಪ್ಲೆಕ್ಟಿಕ್ ರಚನೆಯನ್ನು (ಚಲನೆಯ ಸಮೀಕರಣಗಳು ಹುಟ್ಟುವ ಜ್ಯಾಮಿತಿ) ತೋರಿಸಿದರು. ಅದಕ್ಕೆ ಕಾಂಪ್ಲೆಕ್ಸ್ ರಚನೆಯನ್ನು ಜೋಡಿಸಿದವರು ಬ್ರಿಲಿನ್‌ಸ್ಕಿ.

ಉಪಾಯ ಸರಳ. ಮೂರು ಆಯಾಮದಲ್ಲಿ ಒಂದು ಗಂಟನ್ನು ಚೂರು ಅಲುಗಾಡಿಸಿ. ದಾರದ ಉದ್ದಕ್ಕೇ ಜಾರಿದರೆ ಆಕಾರ ಬದಲಾಗುವುದಿಲ್ಲ, ಅದನ್ನು ಬಿಟ್ಟುಬಿಡಿ. ಉಳಿಯುವುದು ದಾರಕ್ಕೆ ಲಂಬವಾಗಿರುವ ಚಲನೆ. ಅದನ್ನು ದಾರದ ಸುತ್ತ 90 ಡಿಗ್ರಿ ತಿರುಗಿಸಿ. ಎರಡು ಸಲ ತಿರುಗಿಸಿದರೆ ದಿಕ್ಕು ಉಲ್ಟಾ. ಅಂದರೆ ಮೈನಸ್ ಒಂದರ ವರ್ಗಮೂಲ ಮಾಡುವ ಕೆಲಸವೇ! ವೃತ್ತವನ್ನು ನೋಡಿ. ಅದನ್ನು ಒಳಕ್ಕೆ ಕುಗ್ಗಿಸುವ ಚಲನೆಯನ್ನು ಹೀಗೆ ತಿರುಗಿಸಿದರೆ, ಎಲ್ಲ ಬಾಣಗಳೂ ಅಕ್ಷಕ್ಕೆ ಸಮಾನಾಂತರವಾಗಿ ಒಂದೇ ಕಡೆಗೆ ಮುಖ ಮಾಡುತ್ತವೆ; ವೃತ್ತ ಆಕಾರ ಕೆಡದೆ ಮುಂದೆ ಹೋಗುತ್ತದೆ. ಹೊಗೆಯ ಬಳೆ ಸಾಗುವುದೂ ಹೀಗೇ.

ಗೋಜಲು ಇರುವುದು ಮುಂದಿನ ಹೆಜ್ಜೆಯಲ್ಲಿ. ಸೀಮಿತ ಆಯಾಮದಲ್ಲಿ ನೈಯೆನ್‌ಹೌಸ್ ಟೆನ್ಸರ್ (ರಚನೆಯನ್ನು ಪರೀಕ್ಷಿಸುವ ಒಂದು ಲೆಕ್ಕ) ಸೊನ್ನೆಯಾದರೆ ಸಾಕು, ಪ್ರತಿ ಬಿಂದುವಿನ ಸುತ್ತಲೂ ಕಾಂಪ್ಲೆಕ್ಸ್ ನಿರ್ದೇಶಾಂಕಗಳು ಸಿಗುತ್ತವೆ. ಇದು 1957ರ ನ್ಯೂಲ್ಯಾಂಡರ್–ನಿರೆನ್‌ಬರ್ಗ್ ಪ್ರಮೇಯ. ಗಂಟುಗಳ ಜಾಗದಲ್ಲೂ ಆ ಟೆನ್ಸರ್ ಸೊನ್ನೆಯೇ. ಆದರೆ ಅನಂತ ಆಯಾಮದಲ್ಲಿ ಈ ಪ್ರಮೇಯಕ್ಕೆ ಗ್ಯಾರಂಟಿ ಇಲ್ಲ. 1993ರಲ್ಲಿ ಲೆಂಪರ್ಟ್ ತೋರಿಸಿದ್ದು ಇದನ್ನೇ: ಪರೀಕ್ಷೆ ಪಾಸು, ನಿರ್ದೇಶಾಂಕ ಮಾತ್ರ ಇಲ್ಲ. ಸಿಂಪ್ಲೆಕ್ಟಿಕ್ ರಚನೆಯೂ ಕಾಂಪ್ಲೆಕ್ಸ್ ರಚನೆಯೂ ಹೊಂದಿಕೊಂಡ ಜಾಗಕ್ಕೆ ಕ್ಯಾಹ್ಲರ್ ಎಂದು ಹೆಸರು; ಇಲ್ಲಿ ನಿರ್ದೇಶಾಂಕ ಇಲ್ಲವಾದ್ದರಿಂದ ಇಂಥವನ್ನು ‘ಫಾರ್ಮಲಿ ಕ್ಯಾಹ್ಲರ್’ ಎನ್ನುತ್ತಾರೆ. ಎಲ್ಲ ಸುಳುವಾಗಿ ನಡೆಯುತ್ತದೆ ಎಂದುಕೊಂಡು ಓದುವವರು ಎಡವುವುದು ಇಲ್ಲೇ.

ಇದಕ್ಕೂ ಹೊಲೊನಮಿಗೂ (ಬಾಗಿದ ಜಾಗದಲ್ಲಿ ವೆಕ್ಟರನ್ನು ಸುತ್ತಿಸಿ ತಂದಾಗ ಅದು ತಿರುಗಬಹುದಾದ ಬಗೆಗಳು) ಏನು ಸಂಬಂಧ? ತಿರುಗಿಸುವ ಆ ಉಪಾಯಕ್ಕೆ ಎರಡು ವೆಕ್ಟರ್‌ಗಳ ಕ್ರಾಸ್ ಪ್ರಾಡಕ್ಟ್ ಬೇಕು. ಅದು ಇರುವುದು 3 ಮತ್ತು 7 ಆಯಾಮಗಳಲ್ಲಿ ಮಾತ್ರ. 7ರಲ್ಲಿ, ವೆಕ್ಟರನ್ನು ಎಲ್ಲಿಗೆ ಒಯ್ದರೂ ಆ ಗುಣಾಕಾರ ಕೆಡದಿದ್ದರೆ ಹೊಲೊನಮಿ ಜಿ2 (ಆ ಗುಣಾಕಾರವನ್ನು ಕೆಡಿಸದ ತಿರುಗುವಿಕೆಗಳ ಗುಂಪು) ಒಳಗೇ ಇರುತ್ತದೆ. ಸಾಧ್ಯವಿರುವ ಹೊಲೊನಮಿಗಳ ಬಗ್ಗೆ ಬರ್ಜೆ ಮಾಡಿದ 1955ರ ಪಟ್ಟಿಯಲ್ಲಿ ಜಿ2 ಇತ್ತು. ಉದಾಹರಣೆ ಸಿಕ್ಕಿದ್ದು 1987ರಲ್ಲಿ, ಬ್ರಯಂಟ್ ಅವರಿಗೆ. ಕಾಂಪ್ಯಾಕ್ಟ್ (ಸೀಮಿತ, ಅಂಚಿಲ್ಲದ) ಉದಾಹರಣೆಗಳು ಜಾಯ್ಸ್ ಅವರಿಂದ ಬಂದವು. ಇಂಥ ಮ್ಯಾನಿಫೋಲ್ಡಿನ (ಬಾಗಿದ ಜಾಗದ) ಗಂಟುಗಳ ಜಾಗವೂ ಫಾರ್ಮಲಿ ಕ್ಯಾಹ್ಲರ್ ಎಂದು ವರ್ಬಿಟ್‌ಸ್ಕಿ 2010ರಲ್ಲಿ ಸಾಧಿಸಿದರು. ಆಮೇಲೆ ಫಿಯೊರೆಂಝಾ ಮತ್ತು ಲೆ ದಾರದ ಬದಲಿಗೆ ಹೆಚ್ಚು ಆಯಾಮದ ಆಕಾರಗಳನ್ನಿಟ್ಟರು. ಸ್ಪಿನ್(7) ಹೊಲೊನಮಿ ಇರುವ 8 ಆಯಾಮದ ಮ್ಯಾನಿಫೋಲ್ಡಿನಲ್ಲಿ ಗಂಟಿನ ಬದಲು ಮೇಲ್ಮೈ ಬರುತ್ತದೆ.

ಹೀಗೆ ಫಾರ್ಮಲಿ ಕ್ಯಾಹ್ಲರ್ ಜಾಗಗಳ ಪಟ್ಟಿ ಉದ್ದವಾಯಿತು. ನಿರ್ದೇಶಾಂಕವಿಲ್ಲದ ಜಾಗದಲ್ಲಿ ಏನೇನು ಮಾಡಬಹುದು ಅನ್ನುವ ಪ್ರಶ್ನೆಗೂ ಅಷ್ಟೇ ಉತ್ಸಾಹ ಬೇಕಿತ್ತು, ಅಲ್ವಾ? ಹಾಗಂತ ಇದೆಲ್ಲ ಸುಮ್ನೆ ಅಲ್ಲ. ವರ್ಬಿಟ್‌ಸ್ಕಿಗಿಂತ ಮೊದಲೇ ಲೀ ಮತ್ತು ಲ್ಯೂಂಗ್ ಒಂದು ಉಪಯೋಗ ಕಂಡಿದ್ದರು. ಗಂಟನ್ನು ಒಂದು ಲಂಬ ದಿಕ್ಕಿಗೂ, ಅದನ್ನು ತಿರುಗಿಸಿದಾಗ ಸಿಗುವ ದಿಕ್ಕಿಗೂ ಸರಿಸುತ್ತಾ ಹೋದರೆ ಅದು ಹಾದುಹೋದದ್ದೆಲ್ಲ ಸೇರಿ ಮೂರು ಆಯಾಮದ ಒಂದು ತುಂಡಾಗುತ್ತದೆ. ಅದು ಜಿ2 ಮ್ಯಾನಿಫೋಲ್ಡಿನ ಅಸೋಸಿಯೇಟಿವ್ ಉಪಮ್ಯಾನಿಫೋಲ್ಡ್ (ಕ್ರಾಸ್ ಪ್ರಾಡಕ್ಟ್ ಮಾಡಿದರೂ ಹೊರಗೆ ಹೋಗದ ಒಳಜಾಗ). ಅಂದರೆ ಗಂಟುಗಳ ಜಾಗದಲ್ಲಿ ಹೊಲೊಮಾರ್ಫಿಕ್ ವಕ್ರರೇಖೆ (90 ಡಿಗ್ರಿ ತಿರುಗಿಸುವ ಉಪಾಯಕ್ಕೆ ಹೊಂದಿಕೊಂಡ ಮೇಲ್ಮೈ) ಹುಡುಕುವುದೂ, ಕೆಳಗಿನ 7 ಆಯಾಮದಲ್ಲಿ ಇವನ್ನು ಹುಡುಕುವುದೂ ಒಂದೇ ಲೆಕ್ಕ.